ಹಚ್ಚೆ ಕೈಗೆ ಕಟ್ಟಿದ ವಾಚು

ಕೊಟ್ಟೂರಿನ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ನಮ್ಮ ಚಿಕ್ಕಮ್ಮ, ನಾವು ಚಿಗವ್ವ ಎಂದು ಕರೆಯುವ ದುರುಗಮ್ಮನಿಗೆ ನಲವತ್ತಾರು ವರ್ಷ. ಬೆಳಗಿನ ಐದೂವರೆಗೆ ಸೀರೆಯ ಮೇಲೊಂದು ಗಂಡಸರ ಅಂಗಿ ಹಾಕಿಕೊಂಡು ಹರಪನಹಳ್ಳಿ ರಸ್ತೆಯಲ್ಲಿ ಓಡುತ್ತಾಳೆ. ಹಡಗಲಿಯಲ್ಲಿ ನಲವತ್ತು ದಾಟಿದ ಹೆಂಗಸರ ಓಟವಿತ್ತು. ಅದಕ್ಕೆ ಹೆಸರು ಕೊಡಲು ಡಾಕ್ಟರ ಚೀಟಿ ಬೇಕು. ಹೋದ ವರ್ಷ ಓಡುವಾಗ ಒಮ್ಮೆ ತಲೆ ಸುತ್ತಿ ಕುಳಿತಿದ್ದಳು. ಅದನ್ನು ಕೇಳಿದ ಡಾಕ್ಟರು, "ಎದಿ ಬಡಿತ ತೋರ್ಸೋ ವಾಚು ಕಟ್ಟಿಕೊಂಡು ಹದಿನೈದು ದಿನ ಓಡ್ರಿ. ನೂರೈವತ್ತು ದಾಟಲಿಲ್ಲ ಅಂದ್ರ ಸಹಿ ಮಾಡ್ತೀನಿ" ಎಂದಿದ್ದರು.

ವಾಚು ತಂದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಕೊಟ್ರಬಸಪ್ಪನ ಅಂಗಡಿಯಿಂದ. ಪಟ್ಟಿ ಬಿಗಿದು ತೋರಿಸಿದವನೂ ಅವನೇ. ಚಿಗವ್ವನಿಗೆ ಎರಡೂ ಮುಂಗೈ ತುಂಬ ಹಸಿರು ಹಚ್ಚೆ. ಚಿಕ್ಕವಳಿದ್ದಾಗ ಅಜ್ಜಿ ಹಾಕಿಸಿದ್ದು. ಅವನಿಗೆ ಕಾಣಲಿಲ್ಲ ಎನ್ನುವಂತಿಲ್ಲ. "ಹಚ್ಚಿ ಮ್ಯಾಲ ವಾಚು ಭಾರಿ ಒಪ್ತೈತಿ ಬಿಡಮ್ಮ" ಎಂದು ಹೊಗಳಿಯೂ ಇದ್ದ.

ಆ ವಾಚು ಮೊದಲ ದಿನವೇ ನೂರೆಂಬತ್ತು ತೋರಿಸಿತು. ಮರುದಿನ ನೂರ ತೊಂಬತ್ತೆರಡು. ಚಿಗವ್ವ ಹೆದರಿ ಓಟ ಕಡಿಮೆ ಮಾಡಿದಳು, ಆಮೇಲೆ ಬರೀ ನಡೆದಳು. ನಡೆದರೂ ನೂರೆಪ್ಪತ್ತು. ಡಾಕ್ಟರು ಅದನ್ನೆಲ್ಲ ನೋಡಿ, "ಓಟ ಬಿಟ್ಬಿಡ್ರಿ" ಎಂದರು. ಅಷ್ಟೇ.

ಹೊರಗೆ ಬೆಂಚಿನ ಮೇಲೆ ಕುಳಿತು ಅವಳು ಅಳುತ್ತಿದ್ದಾಗ ನರ್ಸ್ ಯಶೋಧರಾ ಬಂದಳು. ಅದೇ ಹಚ್ಚೆಯ ಕೈ ಹಿಡಿದು, ಗೋಡೆ ಗಡಿಯಾರ ನೋಡುತ್ತ ಒಂದು ಪೂರ್ತಿ ನಿಮಿಷ ನಾಡಿ ಎಣಿಸಿದಳು. ಎಪ್ಪತ್ತೆಂಟು. ವಾಚಿನಲ್ಲಿ ನೂರ ಅರವತ್ತೊಂದು.

"ಯಕ್ಕಾ, ಇದು ಚರ್ಮದೊಳಗ ಬೆಳಕು ಬಿಟ್ಟು ಬಡಿತ ಹಿಡೀತೈತಿ. ನಿನ್ನ ಹಚ್ಚಿ ಆ ಬೆಳಕು ನುಂಗ್ತೈತಿ. ಎದಿಗೆ ಕಟ್ಟೋ ಪಟ್ಟಿ ಬರ್ತಾವ, ಅದಕ್ಕ ಬೆಳಕು ಬ್ಯಾಡ. ಅದನ್ನ ಕಟ್ಟಿಕೊಂಡು ಓಡಿ ಸೋಮವಾರ ಬಾ. ಡಾಕ್ಟರಿಗೆ ನಾ ಹೇಳ್ತೀನಿ."

ವಾಚು ಹಿಂದಿರುಗಿಸಲು ಅವಳು ಅಂಗಡಿಗೆ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಆದ್ದರಿಂದ ಮುಂದಿನದು ನಾನು ಕಣ್ಣಾರೆ ಕಂಡದ್ದು.

ಕೊಟ್ರಬಸಪ್ಪ ವಾಚನ್ನು ತನ್ನ ಕೈಗೆ ಕಟ್ಟಿಕೊಂಡ. "ನೋಡಮ್ಮ, ಎಂಬತ್ತೆರಡು. ವಾಚು ಬರೋಬ್ಬರಿ ಐತಿ. ದೋಷ ನಿನ್ನ ಕೈಯಾಗ ಐತಿ."

"ಅವತ್ತು ನನ್ನ ಕೈ ನೋಡಿರಲಿಲ್ಲೇನ್ರಿ ಸಾವ್ಕಾರ್ರ?"

"ಡಬ್ಬಿಯೊಳಗಿನ ಚೀಟ್ಯಾಗ ಬರದೈತಿ, ಹಚ್ಚಿ ಮ್ಯಾಲ ಕಟ್ಟಬಾರದು ಅಂತ. ನೀನು ಓದ್ಕಾಬೇಕಿತ್ತು."

ಚೀಟಿ ಇಂಗ್ಲಿಷಿನಲ್ಲಿತ್ತು. ಅಕ್ಷರಗಳು ಸಾಸಿವೆಗಿಂತ ಸಣ್ಣವು.

"ಎದಿಗೆ ಕಟ್ಟೋ ಪಟ್ಟಿ ಐತೇನ್ರಿ?"

ಇತ್ತು. ಕೆಳಗಿನ ಕಪಾಟಿನಿಂದ ತೆಗೆದಿಟ್ಟ. ಮೊದಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದ್ದಕ್ಕೆ ನಕ್ಕ. "ಹೆಣ್ಮಕ್ಕಳಿಗೆ ಎದಿ ಪಟ್ಟಿ ಬೇಕೇನು ಅಂತ ಹೆಂಗ ಕೇಳಾದವ್ವಾ? ಮರ್ಯಾದಿ ಅಂತ ಇರ್ತೈತಲ್ಲ."

"ಎದಿ ರೋಗ ಬಂದೈತಿ ಅಂತ ಹದಿನೈದು ದಿನ ನಿದ್ದಿಗೆಟ್ಟೀನಿ. ನನ್ನ ಓಟಾನ ನಿಂತಿತ್ತು. ಇದೇನ್ರಿ ನಿಮ್ಮ ಮರ್ಯಾದಿ?"

ಅವನ ನಗು ನಿಂತಿತು. ವಾಚು ವಾಪಸ್ ತೆಗೆದುಕೊಂಡು ಬದಲಿಗೆ ಪಟ್ಟಿ ಕೊಟ್ಟ. ಚಿಗವ್ವ ಕದಲಲಿಲ್ಲ.

"ಒಂದು ಹಾಳಿ ತಗೀರಿ. ಹಚ್ಚಿ ಇದ್ದ ಕೈಗೆ ಈ ವಾಚು ನಡಿಯಂಗಿಲ್ಲ, ಎದಿ ಪಟ್ಟಿ ಕೇಳ್ರಿ ಅಂತ ಬರೀರಿ. ಕನ್ನಡದಾಗ."

ಬರೆದ.

"ಇನ್ನಾ ದಪ್ಪಗ. ನನ್ನಂಥೋರು ಕನ್ನಡಕ ಇಲ್ದ ಓದಬೇಕು."

ಎರಡನೆಯ ಹಾಳೆಯಲ್ಲಿ ದಪ್ಪಗೆ ಬರೆದು ಗಾಜಿಗೆ ಅಂಟಿಸಿದ. ಆಮೇಲೆಯೇ ಅವಳು ಮೆಟ್ಟಿಲಿಳಿದದ್ದು.

ಬಡಿತ ಸರಿಯಾಗಿ ಹಿಡಿಯಲೆಂದು ಪಟ್ಟಿಯ ಒಳಬದಿಯನ್ನು ನೀರಿನಲ್ಲಿ ಒದ್ದೆ ಮಾಡಿ, ಅಂಗಿಯೊಳಗೆ ಕಟ್ಟಿಕೊಂಡು ಮೂರು ದಿನ ಓಡಿದಳು. ಪಟ್ಟಿ ಹಿಡಿದ ಬಡಿತ ಫೋನಿನಲ್ಲಿ ಕಾಣುತ್ತಿತ್ತು; ಅದರಲ್ಲಿ ಬಂದ ಎಲ್ಲಕ್ಕಿಂತ ದೊಡ್ಡ ಅಂಕಿ ನೂರ ನಲವತ್ತೊಂದು.

ಸೋಮವಾರ ಯಶೋಧರಾ ಎಲ್ಲ ಹೇಳಿದ ಮೇಲೆ ಡಾಕ್ಟರು ಮೂರೇ ದಿನದ ಅಂಕಿ ನೋಡಿ ಸಹಿ ಮಾಡಿದರು. ಚಿಗವ್ವ ಚೀಟಿ ತೆಗೆದುಕೊಂಡು, "ಅವತ್ತು ನೀವ್ಯಾಕ ನನ್ನ ಕೈ ಹಿಡಿದು ನೋಡ್ಲಿಲ್ರಿ ಸರ?" ಎಂದು ಕೇಳಿದಳು.

ಡಾಕ್ಟರು ಮುಂದಿನವರ ಹೆಸರು ಕೂಗಿದರು.