ಬಾಯಿಪಾಠ ಮಾಡಿದ ಕಣ್ಣು ಪರೀಕ್ಷೆ

ಜಾಲಹಳ್ಳಿ ಕಡೆಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಆಗ ನಾನು ಕ್ರೇನ್ ಆಪರೇಟರ್. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಇರೋದು. ಸಾಲಿನಲ್ಲಿ ಮುಂದಿದ್ದವರು ಬೋರ್ಡಿನ ಅಕ್ಷರ ಗಟ್ಟಿಯಾಗಿ ಓದೋರು, ನಾನು ಹಿಂದೆ ನಿಂತು ಬಾಯಿಪಾಠ ಮಾಡೋನು. ನಾಲ್ಕು ವರ್ಷ ಹೀಗೇ ಪಾಸಾದೆ. ಕೆಳಗಿನವರು ಊದೋ ಸೀಟಿ ನಂಬಿಕೊಂಡೇ ಭಾರ ಎತ್ತಿ ಇಳಿಸುತ್ತಿದ್ದೆ. ಎಂಥ ಭಂಡ ಧೈರ್ಯ ಅಂತೀರಾ? ಧೈರ್ಯ ಎಲ್ಲಿ ಬಂತು, ಕೆಲಸ ಹೋದೀತು ಅನ್ನೋ ಪುಕ್ಕಲುತನ ಅದು.

ಕಣ್ಣಿನ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿತ್ತು. ಕನ್ನಡಕದಿಂದ ಏನೂ ಪ್ರಯೋಜನವಿರಲಿಲ್ಲ. ಹೆಬ್ಬಾಳದ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಸ್ಕ್ಲೀರಲ್ ಲೆನ್ಸ್ ಹಾಕಬೇಕು ಅಂದರು. ದೊಡ್ಡ ಲೆನ್ಸು, ಒಳಗೆ ಔಷಧಿ ನೀರು ತುಂಬಿಸಿ ಕಣ್ಣಿನ ಬಿಳಿಭಾಗದ ಮೇಲೆ ಕೂರಿಸೋದು. ಅದರ ಬೆಲೆಗೆ ಕಾರ್ಖಾನೆಯ ಇನ್ಶೂರೆನ್ಸ್ ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ.

ಇನ್ಶೂರೆನ್ಸಿನವರು "ಲೆನ್ಸ್ ಅಲಂಕಾರದ ಸಾಮಾನು" ಅಂತ ಅರ್ಜಿ ವಾಪಸ್ ಕಳಿಸಿದರು. ಅಲಂಕಾರವಂತೆ, ಈ ಮೂತಿಗೆ! ಇದು ಚಿಕಿತ್ಸೆ ಅಂತ ಡಾಕ್ಟರಮ್ಮ ಬರೆದುಕೊಟ್ಟರು. ಅದಕ್ಕೆ ಬಂದ ಉತ್ತರವನ್ನ ಹೆಂಡತಿ ಓದಿ ಹೇಳಿದಳು: ಕಾರ್ಖಾನೆಯ ಕಣ್ಣು ಪರೀಕ್ಷೆ ದಾಖಲೆಯೂ ಬೇಕಂತೆ. ಅದರಲ್ಲಿ ನಾಲ್ಕು ವರ್ಷವೂ ನನ್ನ ಕಣ್ಣು ಚೆನ್ನಾಗಿದೆ ಅಂತಲೇ ಇತ್ತು.

"ನಿಜ ಹೇಳ್ಬಿಡ್ರೀ," ಅಂದಳು.

"ಹೇಳಿದ್ರೆ ಕೆಲಸ ಹೋಗತ್ತೆ ಕಣೇ."

"ಹೇಳ್ದಿದ್ರೆ ಕಣ್ಣು ಉಳಿಯತ್ತಾ?"

ಎರಡು ದಿನ ಹಾಗೇ ತಳ್ಳಿದೆ. ಮೂರನೇ ದಿನ ಕಾರ್ಖಾನೆ ಡಾಕ್ಟರ ಮುಂದೆ ಹೋಗಿ ಕೂತೆ. ವಯಸ್ಸಾದವರು. ನನ್ನ ಫೈಲು, ಆಸ್ಪತ್ರೆಯ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರು.

"ಇದ್ರಲ್ಲಿ ಕಣ್ಣು ಚೆನ್ನಾಗಿದೆ ಅಂತಿದೆ. ಅದ್ರಲ್ಲಿ ಎದುರಿಗಿರೋರ ಮುಖಾನೂ ಕಾಣಲ್ಲ ಅಂತಿದೆ. ಯಾವ್ದಪ್ಪಾ ಸುಳ್ಳು?"

"ನಮ್ ಕಾರ್ಖಾನೇದೇ ಸಾರ್. ಬೋರ್ಡು ಬಾಯಿಪಾಠ ಮಾಡಿದ್ದೆ."

ಬಯ್ದಿದ್ದರೆ ಹಗುರಾಗುತ್ತಿತ್ತು. ಅವರು ಬಯ್ಯಲಿಲ್ಲ. ಆ ಗಳಿಗೆಯಿಂದಲೇ ನನ್ನನ್ನ ಕ್ರೇನಿನಿಂದ ಇಳಿಸುವಂತೆ ಒಂದು ಚೀಟಿ ಬರೆದರು. ನಮ್ಮ ದಾಖಲೆ ತಪ್ಪು, ಇವನಿಗೆ ಲೆನ್ಸ್ ಬೇಕೇ ಬೇಕು ಅಂತ ಇನ್ಶೂರೆನ್ಸಿಗೆ ಇನ್ನೊಂದು ಕಾಗದ. ಮುಂದೆ ಬಿಲ್ ಪಾಸಾಗಿದ್ದು ಅದರಿಂದಲೇ. ನಾನು ಕಾರ್ಖಾನೆಯ ಸ್ಟೋರ್ ರೂಮಿನ ಕೆಲಸಕ್ಕೆ ಬಂದಿದ್ದೂ ಆ ಚೀಟಿಯಿಂದಲೇ. ಅವತ್ತು ಮಾತ್ರ ನನಗೆ ಅದ್ಯಾವುದೂ ಗೊತ್ತಿರಲಿಲ್ಲ. ಪೆನ್ನು ಕೆಳಗಿಟ್ಟು ಅವರು ಮೆಲ್ಲಗೆ ಕೇಳಿದರು: "ನೀನು ಭಾರ ಎತ್ತುವಾಗ ಕೆಳಗೆ ಎಷ್ಟು ಜನ ಇರ್ತಾರೆ?"

ಎಣಿಸೋಕೆ ಹೋದರೆ ನೆನಪಿಗೆ ಬಂದಿದ್ದು ಸೀಟಿ ಸದ್ದು ಮಾತ್ರ.

"ಗೊತ್ತಿಲ್ಲ ಸಾರ್," ಅಂದೆ. "ಯಾವತ್ತೂ ಕಂಡಿಲ್ಲ."

ಕೆಲಸದ ಭಯ ಅಲ್ಲಿಗೆ ಹೋಯಿತು. ಬೇರೆ ಭಯ ಹಿಡಿಯಿತು, ನಾಲ್ಕು ವರ್ಷ ಯಾರ್ಯಾರ ತಲೆ ಮೇಲೆ ಭಾರ ತೂಗಾಡಿಸಿದ್ದೆನೋ ಅಂತ.