ಕಚ್ಚಾ ಫೋಲ್ಡರ್

ನಮ್ಮ ಯಜಮಾನರು ತೀರಿಕೊಂಡು ಏಳು ತಿಂಗಳಾದರೂ ಅವರ ದನಿ ದಿನಾ ಬೆಳಗ್ಗೆ ಹೊಳಲ್ಕೆರೆಯ ನಮ್ಮ ಬೀದಿಗೆ ಬರುತ್ತಿತ್ತು. ‘ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ’ ಎಂದು ಕಸದ ಗಾಡಿಯ ಮೈಕಿನಿಂದ ಹೇಳುತ್ತಿದ್ದವರು ಅವರೇ. ಆಟೋದಲ್ಲಿ ಊರೆಲ್ಲ ಸಾರುವ ಪ್ರಕಟಣೆಗಳಿಗೆ ದನಿ ಕೊಡುವುದು ಅವರ ಕಸುಬು. ನೀರು ಬಿಡುವ ದಿನ, ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ, ಯಾರೋ ತೀರಿಹೋದ ಸುದ್ದಿ, ಎಲ್ಲವನ್ನೂ ನಡುಮನೆಯ ಕಂಪ್ಯೂಟರಿನ ಮುಂದೆ ಕೂತು ಹೇಳುತ್ತಿದ್ದರು. ಹೊಸದುರ್ಗದವರೂ ಬಂದು ಹೇಳಿಸಿಕೊಂಡು ಹೋಗುತ್ತಿದ್ದರು. ಯಜಮಾನರು ಹೋದ ಮೇಲೆ ಗಾಡಿ ಬರುವ ಹೊತ್ತಿಗೆ ನಾನು ಬಕೆಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕೆಲವು ದಿನ ಬಕೆಟ್ಟಿನಲ್ಲಿ ಏನೂ ಇರುತ್ತಿರಲಿಲ್ಲ.

ಒಂದು ಬೆಳಗ್ಗೆ ಗಾಡಿ ಸದ್ದಿಲ್ಲದೆ ಬಂತು.

“ಪೆನ್ ಡ್ರೈವ್ ಕೆಟ್ಟೋತಕ್ಕಾ,” ಎಂದ ಗಾಡಿಯವನು. “ಅಣ್ಣನ ದನಿ ಕಂಪ್ಯೂಟರ್‌ನಾಗೆ ಇರ್ತೈತಲ್ಲ, ಇನ್ನೊಂದು ಹಾಕ್ಕೊಡ್ರಿ. ಇಲ್ಲಾಂದ್ರೆ ನಾನೇ ಕೂಗ್ಬೇಕು. ನನ್ ದನಿಗೆ ಜನ ಕಸಾನೂ ಕೊಡಲ್ಲ.”

ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರನ್ನು ಅವತ್ತು ಮೊದಲ ಸಲ ಆನ್ ಮಾಡಿದೆ. ಒಳಗಿಂದ ಟಕ್, ಟಕ್ ಎಂಬ ಸದ್ದು ಬಂತು. ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅವರ ಸ್ನೇಹಿತರಿಗೆ ಫೋನ್ ಮಾಡಿ, ಫೋನನ್ನು ಕಂಪ್ಯೂಟರಿನ ಡಬ್ಬದ ಹತ್ತಿರ ಹಿಡಿದೆ.

“ಆಫ್ ಮಾಡ್ರಿ ಅತ್ತಿಗೆ! ಮೊದ್ಲು ಆಫ್ ಮಾಡ್ರಿ,” ಎಂದು ಅವರು ಕೂಗಿಕೊಂಡರು. “ಹಾರ್ಡ್ ಡಿಸ್ಕ್ ಹೋಗ್ತಾ ಐತೆ. ಇನ್ನೊಂದು ಸಲವೋ ಎರಡು ಸಲವೋ ಎದ್ರೆ ಪುಣ್ಯ. ಬಸ್ಸಿನಾಗೆ ತರಬ್ಯಾಡ್ರಿ, ಕುಲುಕಿದ್ರೆ ಅಲ್ಲಿಗೆ ಮುಗೀತು.”

ಅವರು ಹಿರಿಯೂರಿನ ಕಾಲೇಜೊಂದರ ಕೆಲಸದಲ್ಲಿ ಹದಿನೈದು ದಿನ ಸಿಕ್ಕಿಕೊಂಡಿದ್ದರು. ಹಳೆಯ ಡಿಸ್ಕಿನ ಬದಲು ಹಾಕುವ ಹೊಸ ಎಸ್‌ಎಸ್‌ಡಿ ಒಂದನ್ನು ಕಂಡಕ್ಟರ್ ಕೈಲಿ ಕಳಿಸುತ್ತೇನೆ, ನಾನು ಬರುವತನಕ ಕಾಯಿರಿ ಎಂದರು. ನನ್ನಿಂದ ಕಾಯಲಾಗಲಿಲ್ಲ. ಫೋನಿನಲ್ಲೇ ಹೇಳಿಕೊಡಿ, ನಾನೇ ಹಾಕುತ್ತೇನೆ ಎಂದು ಹಟ ಹಿಡಿದೆ.

ಕಸದ ಗಾಡಿಯ ಮಾತು ನನಗೆ ಬಾಯಿಪಾಠ. ನನಗೆ ಬೇಕಾಗಿದ್ದದ್ದು ಬೇರೆ. ಯಜಮಾನರು ಮೊದಲು ಎಲ್ಲವನ್ನೂ ರೆಕಾರ್ಡ್ ಮಾಡಿ, ಆಮೇಲೆ ತಪ್ಪಿದ್ದನ್ನು, ಕೆಮ್ಮಿದ್ದನ್ನು, ನಡುವೆ ಮನೆಯವರು ಮಾತಾಡಿದ್ದನ್ನು ಕತ್ತರಿಸುತ್ತಿದ್ದರು. ಕತ್ತರಿಸದ ಮೂಲವನ್ನು ‘ಕಚ್ಚಾ’ ಎಂದು ಹೆಸರಿಟ್ಟ ಫೋಲ್ಡರಿನಲ್ಲಿ ಬಿಡುತ್ತಿದ್ದರು. ಮೈಕಿನ ಮುಂದೆ ಗಂಟೆಗಟ್ಟಲೆ ಮಾತಾಡುತ್ತಿದ್ದವರು ಫೋನಿನಲ್ಲಿ ‘ಹೂಂ’, ‘ಸರಿ’ ಬಿಟ್ಟು ಹೆಚ್ಚು ಆಡಿದವರಲ್ಲ. ನಮ್ಮೊಂದಿಗೆ ಮಾತಾಡಿದ ಅವರ ದನಿ ಉಳಿದಿದ್ದರೆ ಅದು ಆ ಫೋಲ್ಡರಿನಲ್ಲಿ ಮಾತ್ರ.

ಎಸ್‌ಎಸ್‌ಡಿ ಬಂತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ತೆಳು ಪಟ್ಟಿ, ಒಂದು ತುದಿಗೆ ಬಂಗಾರದ ಬಣ್ಣದ ಸಣ್ಣ ಹಲ್ಲುಗಳು. ರಾತ್ರಿ ಅದನ್ನು ದೇವರ ಜಗಲಿಯ ಮೇಲೆ, ಅವರ ಫೋಟೊದ ಪಕ್ಕ ಇಟ್ಟಿದ್ದೆ. ಬೆಳಗ್ಗೆ ಕೆಲಸ ಮುಗಿಸಿ ಡಬ್ಬ ಬಿಚ್ಚಿದೆ. ಹತ್ತು ಗಂಟೆಯಾಗಿತ್ತು. ಅವತ್ತು ಲೈನ್ ಕೆಲಸಕ್ಕೆಂದು ಒಂದು ಗಂಟೆಗೆ ಕರೆಂಟ್ ತೆಗೆಯುವವರಿದ್ದರು.

ಪಟ್ಟಿಯನ್ನು ಓರೆಯಾಗಿ ಹಲ್ಲಿನ ಕಡೆಯಿಂದ ತೂರಿಸಿ, ಒತ್ತಿ, ಒಂದು ಸ್ಕ್ರೂ ಹಾಕಬೇಕು. ಹಳೆಯ ಡಿಸ್ಕಿನ ವೈರನ್ನು ಈಗಲೇ ತೆಗೆದಿಡಿ, ಸುಮ್ಮನೆ ಅದನ್ನು ಓಡಿಸುವುದು ಬೇಡ ಎಂದರು ಸ್ನೇಹಿತರು. ಹಾಗೇ ಮಾಡಿ ಆನ್ ಮಾಡಿದೆ. ಅವರು ಹೇಳಿದ ಕೀ ಒತ್ತಿದಾಗ ಸೆಟ್ಟಿಂಗಿನ ಪುಟ ತೆರೆಯಿತು.

“ಡ್ರೈವ್ ಅಂತ ಇರೋ ಕಡೆ ಏನ್ ಬರ್ದೈತೆ?”

“ಏನೂ ಇಲ್ಲ ಅಂತ ತೋರಿಸ್ತೈತೆ.”

ಬಿಚ್ಚಿದೆ, ಮತ್ತೆ ಕೂರಿಸಿದೆ. ಇಲ್ಲ. ಸೆಟ್ಟಿಂಗ್ ಬದಲಾಯಿಸಿದೆ. ಇಲ್ಲ. ಮದರ್ ಬೋರ್ಡಿನ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದೆ. ಕಂಪ್ಯೂಟರಿನ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಯಿತು, ಡ್ರೈವ್ ಮಾತ್ರ ಕಾಣಲಿಲ್ಲ. ಗಂಟೆ ಹನ್ನೊಂದಾಯಿತು.

“ಪೀಸೇ ಸರಿ ಇಲ್ಲ ಅನಿಸ್ತದೆ ಅತ್ತಿಗೆ. ಮುಚ್ಚಿಡ್ರಿ. ವಾಪಸ್ ಕಳ್ಸಿ ಬೇರೆ ತರಿಸಾಣ.”

ಬೇರೆಯದು ಬರುವ ಹೊತ್ತಿಗೆ ಹಳೆಯದು ಏಳದಿದ್ದರೆ? ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ಎಷ್ಟೋ ಹೊತ್ತಿನಿಂದ ನಿಂತಿದ್ದರು.

“ನಾನೊಂದು ಮಾತು ಹೇಳ್ತೀನಿ, ಬೈಬ್ಯಾಡ,” ಎಂದರು.

“ಏನತ್ತೆ?”

“ಬೆಳಿಗ್ಗೆ ಪೂಜೆ ಮಾಡುವಾಗ ಅದಕ್ಕೆ ವಿಭೂತಿ ಹಚ್ಚಿದ್ದೆ.”

ನಾನು ಅವರ ಮುಖವನ್ನೇ ನೋಡಿದೆ.

“ಹಂಗ್ ನೋಡ್ಬ್ಯಾಡ. ಅವನು ಹೊಸ ಸಾಮಾನು ವಿಭೂತಿ ಹಚ್ಚದೆ ಯಾವತ್ತಾದ್ರೂ ಆನ್ ಮಾಡ್ಯಾನೇನು? ಬಂಗಾರ ಇದ್ದ ಕಡೆ ಮುಖ ಅಂತ ಅಲ್ಲೇ ಹಚ್ಚಿದೆ. ಆಮೇಲೆ ನೀನು ಬೈತೀಯ ಅಂತ ಸೆರಗಿನಾಗೆ ಒರೆಸಿಟ್ಟೆ.”

ಅತ್ತೆ ಹೇಳಿದ್ದು ನಿಜ. ಡಬ್ಬದ ಮೇಲೆ ಪ್ರತಿ ಆಯುಧಪೂಜೆಗೆ ಯಜಮಾನರು ಎಳೆದ ಮೂರು ಬೆರಳಿನ ಗೆರೆಗಳು ಒಂದರ ಮೇಲೊಂದು ಹಾಗೇ ಇದ್ದವು. ಆದರೆ ಅವರು ಹಚ್ಚುತ್ತಿದ್ದದ್ದು ಹೊರಗೆ. ನೀರಿನಲ್ಲಿ ಕಲಸಿದ ವಿಭೂತಿ ಹಲ್ಲುಗಳ ಸಂದಿಯಲ್ಲಿ ಒಣಗಿ ಕೂತಿರಬೇಕು. ಪಟ್ಟಿಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕೆಳಮುಖದ ಬಂಗಾರದ ಮೇಲೆ ಮಂಜು ಕವಿದಂತೆ ಬೂದಿ ಇತ್ತು.

ಬೈಯುವ ಮಾತು ಬಾಯಿತನಕ ಬಂದಿತ್ತು. ಅತ್ತೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಒರೆಸಿದ ಬಿಳಿ ಕಲೆ ಇನ್ನೂ ಅದರಲ್ಲಿತ್ತು. ನಾನು ಫೋನಿನಲ್ಲಿ ವಿಷಯ ಹೇಳಿದೆ.

“ಅಮ್ಮಾರು ಎಸ್‌ಎಸ್‌ಡಿಗೆ ದೀಕ್ಷೆ ಕೊಟ್ಟವ್ರೆ,” ಎಂದರು ಸ್ನೇಹಿತರು. “ಅಣ್ಣನ ಡ್ರಾದಾಗೆ ರಬ್ಬರ್ ಐತೆ ನೋಡ್ರಿ.”

ಇತ್ತು. ಪೆನ್ಸಿಲ್ ಅಳಿಸುವ ಮಾಮೂಲಿ ರಬ್ಬರ್, ಒಂದು ಅಂಚು ಕಪ್ಪಗಾಗಿ ಸವೆದಿತ್ತು. ಕಂಪ್ಯೂಟರಿನ ಬಿಡಿಭಾಗಗಳ ಹಲ್ಲನ್ನು ಯಜಮಾನರು ಉಜ್ಜುತ್ತಿದ್ದದ್ದು ಅದರಲ್ಲೇ. ನಾನು ಎರಡೂ ಕಡೆ ಮೆಲ್ಲಗೆ ಉಜ್ಜಿದೆ. ಒಣಗಿದ ಪೇಂಟ್ ಬ್ರಶ್ಶಿನಿಂದ ಪಟ್ಟಿ ಕೂರುವ ಸಂದಿಯನ್ನು ಗುಡಿಸಿದೆ. ಅತ್ತೆ ಟಾರ್ಚ್ ಹಿಡಿದರು.

ಮತ್ತೆ ಆನ್ ಮಾಡಿದೆ. ಖಾಲಿಯಿದ್ದ ಜಾಗದಲ್ಲಿ ಒಂದು ಸಾಲು ಅಕ್ಷರ, ಅಂಕಿ.

“ಬಂತು,” ಎಂದೆ.

ಈಗ ಹಳೆಯ ಡಿಸ್ಕಿನ ಸರದಿ. ವೈರ್ ಸಿಕ್ಕಿಸಿ ಗುಂಡಿ ಒತ್ತಿದೆ. ಟಕ್, ಟಕ್. ಪರದೆ ಕಪ್ಪಾಗಿಯೇ ಇತ್ತು. ಅತ್ತೆ ಜಗಲಿಯ ಕಡೆ ತಿರುಗಿ ಏನೋ ಹೇಳಿಕೊಳ್ಳುತ್ತಿದ್ದರು. ಹತ್ತೊಂಬತ್ತು ನಿಮಿಷದ ಮೇಲೆ ಪರದೆಯಲ್ಲಿ ಯಜಮಾನರು ಇಟ್ಟುಕೊಂಡಿದ್ದ ಕೋಟೆಯ ಚಿತ್ರ ಮೂಡಿತು.

“ಈಗ ಹೊಸದನ್ನ ಫಾರ್ಮ್ಯಾಟ್ ಮಾಡ್ಬೇಕು. ಎರಡು ಡಿಸ್ಕ್ ತೋರಿಸ್ತೈತೆ. ನಿಧಾನ ಅತ್ತಿಗೆ. ತಪ್ಪಿ ಹಳೇದನ್ನ ಒತ್ತಿದ್ರೆ ಅಣ್ಣ ಅಳಿಸಿ ಹೋಗ್ತಾನೆ.”

ಅವರು ಬೇಕೆಂದು ಹಾಗೆ ಹೇಳಲಿಲ್ಲ. ನಾನು ಎರಡೂ ಸಾಲುಗಳನ್ನು ಗಟ್ಟಿಯಾಗಿ ಓದಿದೆ, ಅವರು ಮತ್ತೆ ಓದಿಸಿದರು, ಮೂರನೆಯ ಸಲ ಓದಿ ಖಾಲಿ ಇದ್ದ ಹೊಸದನ್ನು ಒತ್ತಿದೆ. ಹನ್ನೆರಡೂವರೆ. ಮೊದಲು ಕಸದ ಗಾಡಿಯದನ್ನು ತೆಗೆದುಕೊಂಡೆ, ಅದು ಚಿಕ್ಕದು. ಆಮೇಲೆ ಕಚ್ಚಾ ಫೋಲ್ಡರನ್ನು ಕಾಪಿ ಮಾಡಿ ಹೊಸದರಲ್ಲಿ ಹಾಕಿದೆ.

ಹಸಿರು ಪಟ್ಟಿ ತೆವಳಿತು. ಫೈಲುಗಳಿಗೆ ಹೆಸರಿರಲಿಲ್ಲ. ತಾರೀಕೇ ಹೆಸರು. ಹಳೆಯ ವರ್ಷಗಳವು ಮೊದಲು ದಾಟುತ್ತಿದ್ದವು. ಸದ್ದು ಬಿರುಸಾಯಿತು, ನಿಂತಿತು, ಮತ್ತೆ ಶುರುವಾಯಿತು. ಒಂದು ಗಂಟೆಗೆ ಆರು ನಿಮಿಷ ಇರುವಾಗ ಒಂದು ಉದ್ದ ಕೀರಲು ಸದ್ದು ಬಂದು ಎಲ್ಲ ಸ್ತಬ್ಧವಾಯಿತು. ಇನ್ನು ಹನ್ನೊಂದು ಫೈಲು ಬಾಕಿ ಎಂದು ಪರದೆ ಹಾಗೇ ನಿಂತಿತ್ತು. ಹಳೆಯ ಡಿಸ್ಕ್ ಆಮೇಲೆ ಏಳಲೇ ಇಲ್ಲ.

ದಾಟದೆ ಹೋದದ್ದು ಕೊನೆಯ ಹನ್ನೊಂದು ಫೈಲುಗಳೇ ಎಂದು ಮುಂದಿನ ವಾರ ಬಂದ ಸ್ನೇಹಿತರು ಹೊಸ ಡ್ರೈವಿನಲ್ಲಿ ವಿಂಡೋಸ್ ಹಾಕಿ, ಪಟ್ಟಿ ನೋಡಿ ಹೇಳಿದರು. ಅವು ಯಜಮಾನರ ಕೊನೆಯ ತಿಂಗಳವು. ಆಗ ಅವರಿಗೆ ಉಸಿರು ಸಾಲದೆ ಒಂದು ವಾಕ್ಯವನ್ನು ಎರಡು ಕಡೆ ನಿಲ್ಲಿಸಿ ಹೇಳಿ, ಆಮೇಲೆ ಕೂತು ಜೋಡಿಸುತ್ತಿದ್ದರು. ಜೋಡಿಸುವುದನ್ನು ನಾನು ನೋಡಬಾರದೆಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಆ ಹನ್ನೊಂದಕ್ಕೆ ನಾನು ಅಳಬೇಕೋ ಬೇಡವೋ ಈಗಲೂ ತಿಳಿದಿಲ್ಲ.

ದಾಟಿ ಬಂದವುಗಳಲ್ಲಿ ಒಂದನ್ನು ಒತ್ತಿದೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

‘ನಾಗರಿಕರ ಗಮನಕ್ಕೆ. ನಾಳೆ ಬೆಳಗ್ಗೆ ಆರು ಗಂಟೆಗೆ...’ ಅಷ್ಟರಲ್ಲಿ ಕುಕ್ಕರ್ ಕೂಗಿತು. ‘ಲೇ, ಅದರ ಬಾಯಿ ಮುಚ್ಚೇ!’

‘ನೀವೇ ಬಂದು ಮುಚ್ರಿ, ಮೈಕ್ ಹಿಡ್ಕಂಡು,’ ಎಂದಿತು ನನ್ನ ದನಿ, ದೂರದಿಂದ, ನಗುತ್ತ.

‘ಅವ್ವಾ, ನಿನ್ ಸೊಸೆಗೆ ಹೇಳವ್ವ.’

ಅತ್ತೆ ನನ್ನ ಕಡೆ ತಿರುಗಲಿಲ್ಲ. “ಇನ್ನೊಂದ್ಸಲ ಹಾಕು,” ಎಂದರು.