ಪೇಂಟಿನ ಡಬ್ಬಿಯ ಮಜ್ಜಿಗೆ

ಅಮೀರ್‌ಪೇಟ್ ಮೆಟ್ರೋ ಕಂಬಗಳ ಕೆಳಗೆ ಬೆಳಗಿನ ಆರಕ್ಕೇ ಕೂಲಿಯವರ ಅಡ್ಡಾ ತುಂಬುತ್ತದೆ. ಯಾದಗಿರಿ, ರಾಯಚೂರು ಕಡೆಯ ಮಂದಿ ಗುದ್ದಲಿ, ಕರಣೆ ಹಿಡಿದು ಮೇಸ್ತ್ರಿಗಳ ದಾರಿ ಕಾಯುತ್ತಾರೆ. ಅವರ ಹೊಟ್ಟೆ ನೋಡಿಕೊಳ್ಳುವವಳು ಸುಗಲಮ್ಮ. ಅವಳೂ ಮೊದಲು ಇಟ್ಟಿಗೆ ಹೊತ್ತವಳೇ. ಮೊಣಕಾಲು ಕೈಕೊಟ್ಟ ಮೇಲೆ ರೊಟ್ಟಿ ಬುಟ್ಟಿ ಹಿಡಿದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಗ್ಲಾಸು ಮಜ್ಜಿಗೆ, ಮೂವತ್ತು ರೂಪಾಯಿ. ಹನ್ನೊಂದು ವರ್ಷದಲ್ಲಿ ಅವಳ ಊಟವನ್ನು ಒಬ್ಬರೂ ದೂರಿರಲಿಲ್ಲ.

ಈ ಬೇಸಿಗೆಯಲ್ಲಿ ಎಲ್ಲ ಕೆಟ್ಟಿತು. ಗಾರೆ ಕೆಲಸದ ತಾಯಪ್ಪ ಮತ್ತು ಇನ್ನಿಬ್ಬರು ಕೊನೆಗೆ ಉಳಿದ ತಳದ ಮಜ್ಜಿಗೆ ಕುಡಿದ ದಿನವೇ ವಾಂತಿ ಮಾಡಿಕೊಂಡು ಮಲಗಿದರು. ಎಲ್ಲರೂ ಬಿಸಿಲಿಗೆ ಬೈದರು. ಸುಗಲಮ್ಮ ಮಾತ್ರ ಮಜ್ಜಿಗೆಯ ಡಬ್ಬಿಯನ್ನು ಬೆಳಕಿಗೆ ಎಳೆದಳು. ಗಂಡ ಸಾಬಣ್ಣ ಸೈಟಿನಿಂದ ತಂದ ಪೇಂಟಿನ ಖಾಲಿ ಡಬ್ಬಿಯಲ್ಲಿ ಅವಳು ವಾರದಿಂದ ಮಜ್ಜಿಗೆ ಇಡುತ್ತಿದ್ದಳು. ಕಟ್ಟಡದ ಕೆಲಸದವರ ಮನೆಯಲ್ಲಿ ಅದೇನೂ ಹೊಸದಲ್ಲ. ಬೂದಿ ಹಾಕಿ ತಿಕ್ಕಿದರೆ ನೀರಿಗೂ ಅದೇ, ಹಿಟ್ಟಿಗೂ ಅದೇ. ಈಗ ಬಗ್ಗಿ ನೋಡಿದರೆ ತಳಕ್ಕೆ ಅಂಟಿದ್ದ ಬಣ್ಣ ಮಜ್ಜಿಗೆಯ ಹುಳಿಗೆ ಎದ್ದು ಬಂದಿತ್ತು. ಅಯ್ಯೋ, ಇದನ್ನೇ ಕುಡಿಸಿದೆನಲ್ಲ!

“ಯಾರಿಗ ಗೊತ್ತಾಗ್ತೈತಿ? ಡಬ್ಬಿ ಒಗದು ಸುಮ್ಕ ಇದ್ದುಬಿಡು. ಬಾಯಿ ಬಿಟ್ರ ಗಿರಾಕಿ ಹೋದಂಗ,” ಎಂದ ಸಾಬಣ್ಣ.

“ನನಗ ಗೊತ್ತೈತಲ್ಲ! ನಮ್ಮಾಕಿ ಅಂತ ನಂಬಿ ಉಣ್ಣೋ ಮಂದಿ ಅವರು.”

ಮರುದಿನ ಅಡ್ಡಾದ ನಟ್ಟನಡುವೆ ನಿಂತು ಡಬ್ಬಿ ಎತ್ತಿ ತೋರಿಸಿದಳು.

“ತಾಯಪ್ಪಗ ವಾಂತಿ ಆಗಿದ್ದು ಬಿಸಲಿಗೆ ಅಲ್ಲ, ಇದರಾಗಿನ ಮಜ್ಜಿಗಿಂದ. ತಪ್ಪು ನಂದು. ಇವತ್ತಿಂದ ಸ್ಟೀಲಿನ ಕೊಡದಾಗ ತರ್ತೀನಿ. ಮೊದಲನೇ ಗ್ಲಾಸು ನಾನೇ ಕುಡಿತೀನಿ.”

ಅಡ್ಡಾದಲ್ಲಿ ಎಲ್ಲರಿಗಿಂತ ಹಿರಿಯ ಹಂಪಯ್ಯ ಎದ್ದು, “ನಿನ್ನ ಊಟ ಸಾಕವ್ವ ತಾಯಿ,” ಎಂದು ಕೈಮುಗಿದು ನಡೆದ. ಅವನ ಹಿಂದೆ ಉಳಿದವರೂ ನಡೆದು ಮೂಲೆಯ ಬಂಡಿಯಲ್ಲಿ ಕರ್ರಗಾದ ಎಣ್ಣೆಯ ಬಜ್ಜಿ ತಿಂದರು. ಸುಗಲಮ್ಮನಿಗೆ ಸಿಟ್ಟು ನೆತ್ತಿಗೇರಿತು, ಅದೂ ತನ್ನ ಮೇಲೆಯೇ. ಆದರೂ ಜಾಗ ಬಿಡಲಿಲ್ಲ. ಐದು ದಿನವೂ ಎಲ್ಲರೆದುರು ಮೊದಲ ಗ್ಲಾಸು ಕುಡಿದಳು, ರೊಟ್ಟಿ ಹೊತ್ತು ವಾಪಸು ಹೋದಳು. ಸಾಕು ಮಾಡೆಂದು ಸಾಬಣ್ಣ ಗೊಣಗಿದ.

“ನಾ ಎದ್ದು ಹೋದ್ರ ದಿನಾ ಆ ಸುಟ್ಟ ಎಣ್ಣೀನೇ ಅವರ ಪಾಲಿಗೆ. ಹೋಗಂಗಿಲ್ಲ ನಾ,” ಎಂದಳು.

ಆರನೆಯ ದಿನ ತಾಯಪ್ಪ ಬಂದ. ಮುಖ ಇನ್ನೂ ಬಾಡಿತ್ತು. ಕೊಡದಲ್ಲಿ ಇಣುಕಿ ನೋಡಿ, ಗ್ಲಾಸು ಚಾಚಿದ. ಇಷ್ಟು ದಿನಕ್ಕೆ ಮೊದಲ ಗಿರಾಕಿ! ಸುಗಲಮ್ಮ ಖುಷಿಯಿಂದ ಕೊಡಕ್ಕೆ ಸೌಟು ಇಳಿಸಿದಳು.

“ಹಾಕು ಯಕ್ಕಾ. ನೀ ಅಂದಿದ್ದನ್ನ ಮಂದಿ ಹೇಳಿದಾಗಿಂದ ತಲ್ಯಾಗ ಕೊರಿಯಾಕತ್ತೈತಿ. ನಮ್ಮ ಶೆಡ್ಡಿನ್ಯಾಗ ಕುಡಿಯೋ ನೀರು, ಹುಡುಗರ ಅಂಬಲಿ, ಎಲ್ಲಾ ಅಂಥಾ ಡಬ್ಬ್ಯಾಗೇ ಐತಿ.”

ಸುರಿಯುತ್ತಿದ್ದ ಸೌಟು ಅರ್ಧಕ್ಕೇ ನಿಂತಿತು. ಸುಗಲಮ್ಮ ಅವನ ಕೈಯಿಂದ ಗ್ಲಾಸು ಕಸಿದು ಕೆಳಗಿಟ್ಟಳು.

“ಮಜ್ಜಿಗಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದಲ ಹೋಗಿ ಅದನ್ನ ಚೆಲ್ಲಿ ಬಾ. ಓಡು!”